ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ರೈಟ್ ಕ್ಲಿಕ್ ಆಗ್ತಿಲ್ವಾ? ರಿಪೇರಿಗೆ ಕೊಡುವ ಮುನ್ನ ಈ ಸೆಟ್ಟಿಂಗ್ ನೋಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ವಿಂಡೋಸ್ 11 ಹಾಕಲಾಗದ ಹಳೆಯ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ, ಅದನ್ನು ಮೂಲೆಗೆ ಎಸೆಯುವ ಬದಲು ಉಬುಂಟು, ಲಿನಕ್ಸ್ ಮಿಂಟ್ ಅಥವಾ ಫೆಡೋರಾ ಹಾಕಿಕೊಳ್ಳುವುದು ಒಂದು ಒಳ್ಳೆಯ ದಾರಿ. ಆದರೆ ಹೊಸಬರನ್ನು ಮೊದಲ ದಿನವೇ ಕಂಗೆಡಿಸುವ ಒಂದು ತೊಂದರೆ ಇದೆ. ಟಚ್‌ಪ್ಯಾಡ್‌ನ ಬಲ ಮೂಲೆಯನ್ನು ಎಷ್ಟು ಒತ್ತಿದರೂ ರೈಟ್ ಕ್ಲಿಕ್ ಮೆನು ತೆರೆಯುವುದಿಲ್ಲ, ಎಲ್ಲಿ ಒತ್ತಿದರೂ ಲೆಫ್ಟ್ ಕ್ಲಿಕ್ಕೇ ಆಗುತ್ತದೆ.

ಟಚ್‌ಪ್ಯಾಡ್ ಕೆಟ್ಟುಹೋಯಿತು ಎಂದುಕೊಂಡು ದೆಹಲಿಯ ನೆಹರೂ ಪ್ಲೇಸ್‌ಗೋ, ಮುಂಬೈನ ಲ್ಯಾಮಿಂಗ್ಟನ್ ರೋಡ್‌ಗೋ, ಚೆನ್ನೈನ ರಿಚ್ಚಿ ಸ್ಟ್ರೀಟ್‌ಗೋ ಓಡುವ ಮುನ್ನ ಸ್ವಲ್ಪ ತಾಳಿ. ಅದೇ ಟಚ್‌ಪ್ಯಾಡ್ ವಿಂಡೋಸ್‌ನಲ್ಲಿ ಸರಿಯಾಗಿದ್ದರೆ ಈಗಲೂ ಅದು ಕೆಟ್ಟಿರುವ ಸಾಧ್ಯತೆ ಕಡಿಮೆ. ರೈಟ್ ಕ್ಲಿಕ್ ಎಲ್ಲೂ ಹೋಗಿಲ್ಲ, ಬೇರೆ ಕಡೆ ಇದೆ ಅಷ್ಟೇ.

ಮೊದಲು ಹೀಗೆ ಮಾಡಿ

ಟಚ್‌ಪ್ಯಾಡ್‌ನ ಮಧ್ಯದಲ್ಲಿ ಎರಡು ಬೆರಳುಗಳನ್ನು ಒಟ್ಟಿಗೆ ಇಟ್ಟು ಒತ್ತಿ. ಮೆನು ತೆರೆಯಿತೇ? ಹಾಗಾದರೆ ನಿಮ್ಮ ಟಚ್‌ಪ್ಯಾಡ್ ಚೆನ್ನಾಗಿದೆ. ಎರಡು ಬೆರಳಿನ ಅಭ್ಯಾಸ ಮಾಡಿಕೊಳ್ಳಬಹುದು, ಇಲ್ಲವೇ ಕೆಳಗೆ ಹೇಳಿದಂತೆ ಬಲ ಮೂಲೆಯನ್ನೇ ಮರಳಿ ಪಡೆಯಬಹುದು.

ಯಾಕೆ ಹೀಗಾಗುತ್ತದೆ?

ಹಿಂದಿನ ಲ್ಯಾಪ್‌ಟಾಪ್‌ಗಳಲ್ಲಿ ಟಚ್‌ಪ್ಯಾಡ್ ಕೆಳಗೆ ಎಡಕ್ಕೊಂದು, ಬಲಕ್ಕೊಂದು ಬಟನ್ ಇರುತ್ತಿತ್ತು. ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಇಡೀ ಟಚ್‌ಪ್ಯಾಡೇ ಒಂದು ಬಟನ್. ಇದಕ್ಕೆ ಕ್ಲಿಕ್‌ಪ್ಯಾಡ್ ಎನ್ನುತ್ತಾರೆ. ಎಲ್ಲಿ ಒತ್ತಿದರೂ ಒಳಗೆ ಅದುಮುವುದು ಒಂದೇ ಸ್ವಿಚ್. ಅದು ಲೆಫ್ಟೋ ರೈಟೋ ಎಂದು ತೀರ್ಮಾನಿಸುವುದು ಸಾಫ್ಟ್‌ವೇರ್.

ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವುದು ಲಿಬ್‌ಇನ್‌ಪುಟ್ ಎಂಬ ತಂತ್ರಾಂಶ. ಅದರ ಬಳಿ ಎರಡು ವಿಧಾನಗಳಿವೆ. ಒಂದು, ಬೆರಳು ಇರುವ ಜಾಗ ನೋಡುವುದು: ಕೆಳಗಿನ ಬಲ ಮೂಲೆಯಲ್ಲಿ ಒತ್ತಿದರೆ ರೈಟ್ ಕ್ಲಿಕ್. ಇನ್ನೊಂದು, ಬೆರಳುಗಳನ್ನು ಎಣಿಸುವುದು: ಎರಡು ಬೆರಳಿಟ್ಟು ಒತ್ತಿದರೆ ರೈಟ್ ಕ್ಲಿಕ್, ಮೂರಾದರೆ ಮಿಡಲ್ ಕ್ಲಿಕ್. ಒಮ್ಮೆಗೆ ಇವುಗಳಲ್ಲಿ ಒಂದು ಮಾತ್ರ ಚಾಲ್ತಿಯಲ್ಲಿರುತ್ತದೆ. ಗೊಂದಲದ ಮೂಲ ಇದೇ.

ಗ್ನೋಮ್ ಡೆಸ್ಕ್‌ಟಾಪ್ 2018ರ ಮಾರ್ಚ್‌ನಲ್ಲಿ ಬಂದ 3.28 ಆವೃತ್ತಿಯಿಂದ ಬೆರಳು ಎಣಿಸುವ ವಿಧಾನವನ್ನು ಡೀಫಾಲ್ಟ್ ಮಾಡಿಕೊಂಡಿತು. ಆದರೆ ಗ್ನೋಮ್ ಬಳಸುವ ಲಿನಕ್ಸ್‌ಗಳು ಇದನ್ನು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ಹೀಗಾಗಿ ಒಂದೇ ಲ್ಯಾಪ್‌ಟಾಪ್ ಒಂದು ಲಿನಕ್ಸ್‌ನಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಮತ್ತೊಂದು ರೀತಿ ನಡೆದುಕೊಂಡರೆ ಅಚ್ಚರಿಯಿಲ್ಲ.

ಸೆಟ್ಟಿಂಗ್ ಬದಲಿಸುವುದು ಹೇಗೆ?

ಗ್ನೋಮ್ 46 ಅಥವಾ ನಂತರದ ಆವೃತ್ತಿ (ಉಬುಂಟು 24.04ರಲ್ಲಿ ಇರುವುದು ಗ್ನೋಮ್ 46): ಸೆಟ್ಟಿಂಗ್ಸ್ ತೆರೆದು ‘ಮೌಸ್ ಆಂಡ್ ಟಚ್‌ಪ್ಯಾಡ್’ ಒಳಗೆ ‘ಟಚ್‌ಪ್ಯಾಡ್’ ಆರಿಸಿ. ಅಲ್ಲಿ ‘ಸೆಕೆಂಡರಿ ಕ್ಲಿಕ್’ ಎಂಬಲ್ಲಿ ಎರಡು ಆಯ್ಕೆಗಳಿವೆ. ಮೂಲೆ ಬೇಕಿದ್ದರೆ ‘ಕಾರ್ನರ್ ಪುಶ್’, ಎರಡು ಬೆರಳು ಬೇಕಿದ್ದರೆ ‘ಟೂ ಫಿಂಗರ್ ಪುಶ್’ ಒತ್ತಿ.

ಹಳೆಯ ಗ್ನೋಮ್: ಸಾಫ್ಟ್‌ವೇರ್ ಅಂಗಡಿಯಿಂದ ‘ಗ್ನೋಮ್ ಟ್ವೀಕ್ಸ್’ ಹಾಕಿಕೊಳ್ಳಿ. ಅದರ ಮೌಸ್ ವಿಭಾಗದಲ್ಲಿ ‘ಮೌಸ್ ಕ್ಲಿಕ್ ಎಮ್ಯುಲೇಶನ್’ ಎಂದಿರುತ್ತದೆ. ಮೂಲೆಗಾಗಿ ‘ಏರಿಯಾ’, ಬೆರಳಿಗಾಗಿ ‘ಫಿಂಗರ್ಸ್’ ಆರಿಸಿ. ‘ಡಿಸೇಬಲ್ಡ್’ ಆಯ್ಕೆಯಾಗಿದ್ದರೆ ಎರಡೂ ಕೆಲಸ ಮಾಡುವುದಿಲ್ಲ.

ಕೆಡಿಇ ಪ್ಲಾಸ್ಮಾ: ಸಿಸ್ಟಮ್ ಸೆಟ್ಟಿಂಗ್ಸ್‌ನ ಟಚ್‌ಪ್ಯಾಡ್ ಪುಟದಲ್ಲಿ ರೈಟ್ ಕ್ಲಿಕ್‌ಗೆ ಇದೇ ಎರಡು ಆಯ್ಕೆಗಳು ಸಿಗುತ್ತವೆ.

ಲಿನಕ್ಸ್ ಮಿಂಟ್ (ಸಿನಮನ್): ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ‘ಮೌಸ್ ಆಂಡ್ ಟಚ್‌ಪ್ಯಾಡ್’ ತೆರೆದು, ಟಚ್‌ಪ್ಯಾಡ್ ಭಾಗದಲ್ಲಿ ಕ್ಲಿಕ್‌ಗೆ ಸಂಬಂಧಿಸಿದ ಆಯ್ಕೆಯನ್ನು ಬದಲಿಸಿ.

ಇದೇ ಪುಟಗಳಲ್ಲಿ ‘ಟ್ಯಾಪ್ ಟು ಕ್ಲಿಕ್’ ಕೂಡ ಇರುತ್ತದೆ. ಅದನ್ನು ಆನ್ ಮಾಡಿದರೆ ಒತ್ತುವ ಅಗತ್ಯವೇ ಇಲ್ಲ, ಎರಡು ಬೆರಳಿನಿಂದ ಮೆಲ್ಲಗೆ ತಟ್ಟಿದರೂ ರೈಟ್ ಕ್ಲಿಕ್ ಆಗುತ್ತದೆ.

ಸೆಟ್ಟಿಂಗ್ ಬದಲಿಸಿದರೂ ಆಗದಿದ್ದರೆ?

ಆಗ ತಪ್ಪು ಎಲ್ಲಿದೆ ಎಂದು ಹುಡುಕಬೇಕು. ಉಬುಂಟು ಮತ್ತು ಡೆಬಿಯನ್‌ನಲ್ಲಿ ‘ಲಿಬ್‌ಇನ್‌ಪುಟ್-ಟೂಲ್ಸ್’ ಎಂಬ ಪ್ಯಾಕೇಜ್ ಹಾಕಿಕೊಂಡು, ಟರ್ಮಿನಲ್‌ನಲ್ಲಿ ಸುಡೋ ಜೊತೆಗೆ ‘ಲಿಬ್‌ಇನ್‌ಪುಟ್ ಡೀಬಗ್-ಇವೆಂಟ್ಸ್’ ಆದೇಶವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ಈಗ ಬಲ ಮೂಲೆಯನ್ನು ಒತ್ತಿ, ಪರದೆಯ ಮೇಲೆ ಮೂಡುವ ಸಾಲನ್ನು ನೋಡಿ. 272 ಎಂದರೆ ಲೆಫ್ಟ್ ಕ್ಲಿಕ್, 273 ಎಂದರೆ ರೈಟ್ ಕ್ಲಿಕ್. ಈ ಪರೀಕ್ಷೆ ಡೆಸ್ಕ್‌ಟಾಪ್‌ನ ಸೆಟ್ಟಿಂಗ್ ಅನ್ನು ಲೆಕ್ಕಿಸುವುದಿಲ್ಲ. ಆದ್ದರಿಂದ ಇಲ್ಲಿ 273 ಬಂದರೆ ಟಚ್‌ಪ್ಯಾಡ್ ಸರಿಯಾಗಿದೆ, ಡೆಸ್ಕ್‌ಟಾಪ್‌ನ ಸೆಟ್ಟಿಂಗ್ ಕಡೆಗೇ ಗಮನ ಕೊಡಿ. ಏನೂ ಮೂಡದಿದ್ದರೆ ಲಿನಕ್ಸ್‌ಗೆ ಒತ್ತಿದ್ದೇ ತಿಳಿಯುತ್ತಿಲ್ಲ ಎಂದರ್ಥ. ಪರೀಕ್ಷೆ ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಒತ್ತಿ.

ಇನ್ನೂ ಎರಡು ಕಾರಣಗಳಿರಬಹುದು. ಹಳೆಯ ಸಲಹೆಗಳನ್ನು ನಂಬಿ ‘ಸಿನಾಪ್ಟಿಕ್ಸ್’ ಡ್ರೈವರ್ ಹಾಕಿದ್ದರೆ, ಎಕ್ಸ್11ನಲ್ಲಿ ಅದೇ ಮುಂದೆ ನಿಂತು ಗ್ನೋಮ್‌ನ ಟಚ್‌ಪ್ಯಾಡ್ ಸೆಟ್ಟಿಂಗ್‌ಗಳು ಕೆಲಸ ಮಾಡದಂತಾಗುತ್ತದೆ. ಅದನ್ನು ತೆಗೆದು ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ. ಎರಡನೆಯದು, ಬೇರೆ ಬೇರೆ ಬಟನ್‌ಗಳಿರುವ ಕೆಲವು ಟಚ್‌ಪ್ಯಾಡ್‌ಗಳು ತಾವು ಕ್ಲಿಕ್‌ಪ್ಯಾಡ್ ಎಂದು ತಪ್ಪಾಗಿ ಹೇಳಿಕೊಳ್ಳುತ್ತವೆ. ಆಗ ಬಲ ಬಟನ್ ಒತ್ತಿದರೂ ಲೆಕ್ಕಕ್ಕೆ ಬರುವುದಿಲ್ಲ. ಇಂತಹವಕ್ಕೆ ಪರಿಹಾರ ಕರ್ನಲ್ ಅಥವಾ ಲಿಬ್‌ಇನ್‌ಪುಟ್ ಅಪ್‌ಡೇಟ್‌ನಲ್ಲಿ ಬರುವುದರಿಂದ ಬಾಕಿ ಇರುವ ಅಪ್‌ಡೇಟ್‌ಗಳನ್ನೆಲ್ಲ ಹಾಕಿ ನೋಡಿ.

ಸರಿಹೋಗುವವರೆಗೆ ಕೆಲಸ ನಿಲ್ಲಬೇಕಿಲ್ಲ. ಕೀಬೋರ್ಡ್‌ನ ಮೆನು ಕೀ, ಅದಿಲ್ಲದಿದ್ದರೆ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಹೆಚ್ಚಿನ ಆ್ಯಪ್‌ಗಳಲ್ಲಿ ರೈಟ್ ಕ್ಲಿಕ್ ಮೆನು ತೆರೆಯುತ್ತದೆ.

ಈ ಲಕ್ಷಣ ಕಂಡರೆ ಮಾತ್ರ ತಡ ಮಾಡಬೇಡಿ

ಟಚ್‌ಪ್ಯಾಡ್ ಒಂದು ಕಡೆ ಮೇಲಕ್ಕೆ ಉಬ್ಬಿದ್ದರೆ, ಒತ್ತಲು ಬಿಗಿಯಾಗಿದ್ದರೆ ಅಥವಾ ಲ್ಯಾಪ್‌ಟಾಪ್‌ನ ತಳ ಮೇಜಿನ ಮೇಲೆ ಸಮನಾಗಿ ಕೂರದಿದ್ದರೆ ಅದು ಸೆಟ್ಟಿಂಗ್ ವಿಷಯವಲ್ಲ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಇರುವುದು ಟಚ್‌ಪ್ಯಾಡ್‌ನ ಅಡಿಯಲ್ಲೋ ಪಕ್ಕದಲ್ಲೋ. ಹಳೆಯ ಲಿಥಿಯಂ ಬ್ಯಾಟರಿ ಊದಿಕೊಂಡಾಗ ಟಚ್‌ಪ್ಯಾಡನ್ನು ಕೆಳಗಿನಿಂದ ತಳ್ಳುತ್ತದೆ. ಊದಿದ ಬ್ಯಾಟರಿಗೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಚಾರ್ಜರ್ ತೆಗೆದು, ಲ್ಯಾಪ್‌ಟಾಪ್ ಆಫ್ ಮಾಡಿ. ಟಚ್‌ಪ್ಯಾಡನ್ನು ಅದುಮಿ ಸಮ ಮಾಡಲು ಹೋಗಬೇಡಿ, ಬ್ಯಾಟರಿಯನ್ನು ಚುಚ್ಚಬೇಡಿ. ರಿಪೇರಿ ಅಂಗಡಿಗೆ ತಕ್ಷಣ ಹೋಗಬೇಕಾದದ್ದು ಈ ಸಂದರ್ಭದಲ್ಲಿ. ಉಳಿದ ಹೆಚ್ಚಿನ ಸಂದರ್ಭಗಳಲ್ಲಿ ಎರಡು ನಿಮಿಷದ ಸೆಟ್ಟಿಂಗ್ ಸಾಕು.