ನಮ್ಮ ನಾಟಕ ಬರೆಯುವವರು ಯಾರು?

ಕಳೆದ ಸಲ ಟೊರಾಂಟೊದಿಂದ ಫೋನು ಮಾಡಿದಾಗ ಮಗಳು ಒಂದು ಪ್ರಶ್ನೆ ಕೇಳಿದಳು. "ಅಪ್ಪಾ, ಮುಂಬಯಿ ಕನ್ನಡದವರ ಬದುಕಿನ ಮೇಲೆ ಬರೆದ ಕನ್ನಡ ನಾಟಕ ಯಾವುದುಂಟು? ಒಂದು ಹೆಸರು ಹೇಳಿ, ಓದ್ತೇನೆ."

ಕುಂದಾಪುರದ ಕಡೆಯಿಂದ ಬಂದು ಈ ಊರಿನಲ್ಲಿ ಐವತ್ತು ವರ್ಷ ಕಳೆದವನು ನಾನು. ಮೇಲಿಂದ ನಾಟಕದ ಹುಚ್ಚು. ಆದರೂ ಥಟ್ಟನೆ ಉತ್ತರ ಬರಲಿಲ್ಲ. "ನೋಡಿ ಹೇಳ್ತೇನೆ ಮಗಾ" ಎಂದು ಫೋನು ಇಟ್ಟೆ. ಅಂದಿನಿಂದ ಆ ಪ್ರಶ್ನೆ ಡೊಂಬಿವಲಿ ಲೋಕಲಿನಲ್ಲೂ ನನ್ನ ಜೊತೆಗೇ ಪ್ರಯಾಣ ಮಾಡುತ್ತಿದೆ.

ಅವಳು ಕೇಳಿದ್ದಕ್ಕೆ ಕಾರಣವಿತ್ತು. ಅನೋಷ್ ಇರಾನಿ ಎಂಬ ನಾಟಕಕಾರನ ಪುಸ್ತಕ ಅವಳ ಕೈಗೆ ಸಿಕ್ಕಿತ್ತು. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಇರಾನಿ 1998ರಲ್ಲಿ ವ್ಯಾಂಕೂವರಿಗೆ ಹೋದವರು. ಅಲ್ಲಿ ಕುಳಿತು ಬರೆದದ್ದು ಮಾತ್ರ ನಮ್ಮ ಊರಿನ ಕಥೆ. 'ದಿ ಮಟ್ಕಾ ಕಿಂಗ್' ಇಲ್ಲಿನ ಕೆಂಪು ದೀಪದ ಗಲ್ಲಿಯ ನಾಟಕ. 'ಬಾಂಬೆ ಬ್ಲ್ಯಾಕ್' 2006ರಲ್ಲಿ ಟೊರಾಂಟೊದಲ್ಲಿ ರಂಗಕ್ಕೆ ಬಂದು, ಹೊಸ ನಾಟಕಕ್ಕೆ ಕೊಡುವ ಡೋರಾ ಪ್ರಶಸ್ತಿ ಪಡೆಯಿತು. ಬೊಂಬಾಯಿಯ ನಾಟಕ ಕೆನಡಾದ ನಾಟಕವಾಗಿ ಹೋಯಿತು ನೋಡಿ!

ಇದು ತಾನಾಗಿ ಆದದ್ದಲ್ಲ. ಕೆನಡಾದವರಿಗೂ ಒಂದು ಕಾಲದಲ್ಲಿ ನನ್ನ ಮಗಳ ಪ್ರಶ್ನೆಯೇ ಎದುರಾಗಿತ್ತು. 1953ರಲ್ಲಿ ಅಲ್ಲಿ ಸ್ಟ್ರಾಟ್‌ಫರ್ಡ್ ಎಂಬ ಊರಿನಲ್ಲಿ ದೊಡ್ಡ ನಾಟಕೋತ್ಸವ ಶುರುವಾಯಿತು. ಆಡಿದ್ದು ಶೇಕ್ಸ್‌ಪಿಯರ್. ಆಡಿಸಿದವರು ಇಂಗ್ಲೆಂಡಿನಿಂದ ಕರೆಸಿದ ಟೈರೋನ್ ಗಥ್ರಿ, ಮುಖ್ಯ ನಟ ಅಲೆಕ್ ಗಿನ್ನೆಸ್, ಅವರೂ ಇಂಗ್ಲೆಂಡಿನವರೇ. ನೋಡುವವರು ಮಾತ್ರ ಕೆನಡಾದವರು. ಆಮೇಲೆ 1968ರಲ್ಲಿ ಮಾಂಟ್ರಿಯಲಿನಲ್ಲಿ ಮಿಶೆಲ್ ತ್ರಾಂಬ್ಲೆ 'ಲೆ ಬೆಲ್ ಸರ್' ನಾಟಕ ತಂದರು. ಹದಿನೈದು ಹೆಂಗಸರು ಅಡುಗೆಮನೆಯಲ್ಲಿ ಕುಳಿತು ಕೂಲಿಕಾರರ ಕೇರಿಯ ಫ್ರೆಂಚಿನಲ್ಲಿ ಮಾತಾಡುವ ನಾಟಕ. ಇಂಥ ಭಾಷೆ ರಂಗದ ಮೇಲೆಯೇ ಎಂದು ದೊಡ್ಡವರು ಮೂಗು ಮುರಿದರು. ಜನ ಅದರಲ್ಲಿ ತಮ್ಮ ಅಮ್ಮ, ಚಿಕ್ಕಮ್ಮಂದಿರ ಮಾತು ಕೇಳಿದರು.

ಎರಡೇ ವರ್ಷಕ್ಕೆ, 1970ರಲ್ಲಿ, ಟೊರಾಂಟೊದಲ್ಲಿ ಕೆನ್ ಗ್ಯಾಸ್ ಎಂಬ ತರುಣ ಹಳೆಯ ಮೇಣದಬತ್ತಿ ಕಾರ್ಖಾನೆಯ ಜಾಗದಲ್ಲಿ ಫ್ಯಾಕ್ಟರಿ ಥಿಯೇಟರ್ ತೆರೆದರು. ಅವರ ನಿಯಮ ಒಂದೇ: ಇಲ್ಲಿ ಕೆನಡಾದ ನಾಟಕ ಮಾತ್ರ ಆಡುವುದು. ಎಲ್ಲಿವೆ ನಾಟಕ ಎಂದು ಜನ ನಕ್ಕಿರಬೇಕು. ಆದರೆ ಬಾಗಿಲು ತೆರೆದ ಮೇಲೆ ಬರೆಯುವವರು ಬಂದರು. ಅದರ ಬೆನ್ನಿಗೇ ಬಿಲ್ ಗ್ಲಾಸ್ಕೊ ಅವರ ಟ್ಯಾರಗನ್ ಥಿಯೇಟರ್ ಹುಟ್ಟಿತು. ಅಲ್ಲೊಂದು ಹೊಸ ನಾಟಕ ನೋಡಿದ ಡೇವಿಡ್ ಫ್ರೆಂಚ್ ತನ್ನಲ್ಲೂ ಒಂದು ಇದೆ ಎಂದು ಗ್ಲಾಸ್ಕೊ ಅವರ ಬಳಿ ಹೋದರು. ಅದೇ 1972ರ 'ಲೀವಿಂಗ್ ಹೋಮ್'. ನ್ಯೂಫೌಂಡ್‌ಲ್ಯಾಂಡ್ ದ್ವೀಪ ಬಿಟ್ಟು ಟೊರಾಂಟೊಕ್ಕೆ ಬಂದ ಸಂಸಾರದಲ್ಲಿ ಅಪ್ಪ ಮಗನ ಜಗಳ. ಊರಿನ ಮಾತು, ಊರಿನ ನೆನಪು ಬಿಡಲಾರದ ಅಪ್ಪ, ಅದು ಬೇಡವಾದ ಮಗ. ನಮ್ಮ ಎಷ್ಟು ಮನೆಗಳಲ್ಲಿ ಈ ನಾಟಕ ದಿನಾ ನಡೆಯುತ್ತಿಲ್ಲ ಹೇಳಿ!

ಈಗ ನಮ್ಮ ಊರಿಗೆ ಬರೋಣ. ಹೊಸ ಕನ್ನಡ ನಾಟಕಕ್ಕೆ ಮುಂಬಯಿ ಏನೂ ಕೊಡಲಿಲ್ಲ ಎಂದರೆ ಅದು ಅನ್ಯಾಯ. ಗಿರೀಶ ಕಾರ್ನಾಡರು ಹುಟ್ಟಿದ್ದೇ ಇಲ್ಲಿಗೆ ಹತ್ತಿರದ ಮಾಥೇರಾನಿನಲ್ಲಿ, 1938ರಲ್ಲಿ. ಸಿರ್ಸಿಯಲ್ಲಿ ಕಂಪನಿ ನಾಟಕ, ಯಕ್ಷಗಾನ ನೋಡಿ ಬೆಳೆದು, ಧಾರವಾಡದಲ್ಲಿ ಬಿ.ಎ. ಮುಗಿಸಿ, ಮುಂದಿನ ಓದಿಗೆ ಮುಂಬಯಿಗೆ ಬಂದರು. ಆಗ ಇಲ್ಲಿ ಇಬ್ರಾಹಿಂ ಅಲ್ಕಾಜಿ ನಾಟಕ ಆಡಿಸುತ್ತಿದ್ದ ಕಾಲ. ಸ್ಟ್ರಿಂಡ್‌ಬರ್ಗನ 'ಮಿಸ್ ಜೂಲಿ' ನೋಡಿದ್ದು ತನ್ನನ್ನು ಅಲುಗಿಸಿತು ಎಂದು ಕಾರ್ನಾಡರೇ ಬರೆದಿದ್ದಾರೆ. ಕಂಪನಿ ನಾಟಕದ ಝಗಝಗ ಬೆಳಕು ಕಂಡಿದ್ದ ಕಣ್ಣಿಗೆ, ನಿಧಾನವಾಗಿ ಏರುವ, ಇಳಿಯುವ ದೀಪ ಹೊಸತು. ಮನಸ್ಸಿನ ಒಳಗನ್ನು ಹಾಗೆ ಬಿಚ್ಚಿಡುವುದೂ ಹೊಸತು. ಆಕ್ಸ್‌ಫರ್ಡಿಗೆ ಹೊರಡುವ ಗಡಿಬಿಡಿಯಲ್ಲಿ ಅವರು 'ಯಯಾತಿ' ಬರೆದರು. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಅಚ್ಚು ಮಾಡಿತು.

ಮುಂದೆಯೂ ಈ ಊರು ಅವರ ಕೈ ಬಿಡಲಿಲ್ಲ. ಕ್ರಿಕೆಟ್ ಆಡಬೇಕೆಂದು ಬಿಲಾಸಪುರದಿಂದ ಬಂದು ನಾಟಕಕ್ಕೆ ಬಿದ್ದ ಸತ್ಯದೇವ ದುಬೆ ಇಲ್ಲಿ 'ಯಯಾತಿ', 'ಹಯವದನ' ಎರಡನ್ನೂ ಹಿಂದಿಯಲ್ಲಿ ಆಡಿಸಿದರು. 'ತುಘಲಕ್' ಬಂದದ್ದು 1964ರಲ್ಲಿ. ಅಲಿಕ್ ಪದಮ್ಸಿ ಕೇಳಿದ್ದಕ್ಕೆ ಕಾರ್ನಾಡರೇ ಅದನ್ನು ಇಂಗ್ಲಿಷಿಗೆ ತಂದರು. 1970ರ ಆಗಸ್ಟಿನಲ್ಲಿ ಭೂಲಾಭಾಯಿ ಸಭಾಂಗಣದಲ್ಲಿ ಕಬೀರ್ ಬೇಡಿ ಸುಲ್ತಾನನಾಗಿ ನಿಂತರು. ಗಮನಿಸಿ, ಟೊರಾಂಟೊದಲ್ಲಿ ಫ್ಯಾಕ್ಟರಿ ಥಿಯೇಟರ್ ಬಾಗಿಲು ತೆರೆದದ್ದೂ ಅದೇ ವರ್ಷ.

ಆದರೆ ಒಂದು ಮಾತು. ಕಾರ್ನಾಡರು ಕಡೆಗೆ ಒಂದು ನಗರದ ಮೇಲೆ ನಾಟಕ ಬರೆದಾಗ ('ಬೆಂದ ಕಾಳು ಆನ್ ಟೋಸ್ಟ್') ಅದು ಬೆಂಗಳೂರಿನದಾಯಿತು. ತಪ್ಪಲ್ಲ, ಅವರು ಬದುಕಿದ ಊರು ಅದು. ನಮ್ಮ ಊರನ್ನು ಬರೆಯಬೇಕಾದವರು ನಾವಲ್ಲವೇ?

ಬರೆದಿಲ್ಲವೇ ಎಂದರೆ, ಬರೆದಿದ್ದೇವೆ, ಕಥೆ ಕಾದಂಬರಿಗಳಲ್ಲಿ. ಯಶವಂತ ಚಿತ್ತಾಲರ 'ಶಿಕಾರಿ' 1979ರದು. ವ್ಯಾಸರಾಯ ಬಲ್ಲಾಳರ 'ಬಂಡಾಯ'ಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಜಯಂತ ಕಾಯ್ಕಿಣಿಯವರ ಕಥೆಗಳಲ್ಲಿ ಈ ಊರಿನ ಚಾಳು, ಇರಾನಿ ಹೊಟೇಲು, ಲೋಕಲು ಎಲ್ಲ ಉಸಿರಾಡುತ್ತವೆ. ಅದೇ ಕಾಯ್ಕಿಣಿಯವರು ರಂಗಕ್ಕೆ ಕೊಟ್ಟಿದ್ದರಲ್ಲಿ ಜನಪ್ರಿಯವಾದವು 'ಸೇವಂತಿ ಪ್ರಸಂಗ', 'ಜತೆಗಿರುವನು ಚಂದಿರ'. ಒಂದಕ್ಕೆ ಬರ್ನಾರ್ಡ್ ಷಾನ 'ಪಿಗ್ಮೇಲಿಯನ್' ಮೂಲ, ಇನ್ನೊಂದಕ್ಕೆ 'ಫಿಡ್ಲರ್ ಆನ್ ದ ರೂಫ್'. ಎರಡೂ ಚೆಂದದ ನಾಟಕಗಳೇ. ಮುಲ್ಕಿಯ ಸದಾನಂದ ಸುವರ್ಣರು ಇಲ್ಲಿ ದಶಕಗಳ ಕಾಲ ನಾಟಕ ಬರೆದರು, ಆಡಿಸಿದರು. 1977ರ 'ಘಟಶ್ರಾದ್ಧ' ಚಿತ್ರಕ್ಕೆ ಹಣ ಹಾಕಿದವರೂ ಅವರೇ. ಅವರು 2024ರಲ್ಲಿ ತೀರಿಕೊಂಡಾಗ ನಮ್ಮ ಪೀಳಿಗೆಯ ಒಂದು ದೀಪ ಆರಿದಂತಾಯಿತು. ಟಿವಿಯಲ್ಲಿ ಅವರಿಗೆ ಮನೆಮನೆಯಲ್ಲಿ ಹೆಸರು ತಂದ 'ಗುಡ್ಡದ ಭೂತ' ಮಾತ್ರ ಕರಾವಳಿಯ ಹಳ್ಳಿಯ ಕಥೆ. ನಮ್ಮ ಕಲ್ಪನೆ ರಾತ್ರಿ ಬಸ್ಸು ಹಿಡಿದು ಊರಿಗೆ ಹೋಗಿಬಿಡುತ್ತದೆ.

ಪಕ್ಕದ ಮರಾಠಿಯವರನ್ನು ನೋಡಿ. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ಬಿಟ್ಟು ಹೊರಗೆ ಬಂದರು. ಹೆಚ್ಚಿನವರು ತಿರುಗಿ ಒಳಗೆ ಹೋಗಲಿಲ್ಲ. ಜಯಂತ ಪವಾರರು 'ಅಧಾಂತರ' ಬರೆದು ಅಂಥ ಒಂದು ಮನೆಯನ್ನು ರಂಗದ ಮೇಲೆ ನಿಲ್ಲಿಸಿದರು. ಗಿರಣಿ ಹೋಯಿತು, ಮಾಲು ಬಂತು, ಆದರೆ ಆ ಮನೆಯ ತಾಯಿ, ಮಕ್ಕಳು ನಾಟಕದಲ್ಲಿ ಉಳಿದರು.

ನಮ್ಮವರದ್ದು? ಹದಿಮೂರರ ವಯಸ್ಸಿಗೆ ಬಂದು ಹಗಲು ಲೋಟ ತೊಳೆದು, ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸಿ, ಹೊಟೇಲು ಮುಚ್ಚಿದ ಮೇಲೆ ಮೇಜು ಜೋಡಿಸಿ ಮಲಗಿದ ಹುಡುಗರ ನಾಟಕ ಎಲ್ಲಿದೆ? ಇಲ್ಲವೇ ಇಲ್ಲ ಎನ್ನುವುದಿಲ್ಲ. ಸಂಘದ ವಾರ್ಷಿಕೋತ್ಸವಕ್ಕೆಂದು ಬರೆದು, ಒಂದು ಪ್ರದರ್ಶನ ಕಂಡು, ಕೈಬರಹದ ಪ್ರತಿಯೂ ಕಳೆದುಹೋದವು ಎಷ್ಟೋ.

ಅಂಥ ಒಂದನ್ನು ನಾನೂ ಬಲ್ಲೆ. ಎಂಬತ್ತರ ದಶಕ. ನಾವು ಏಳೆಂಟು ಜನ ಹೊಟೇಲು ಹುಡುಗರ ಮೇಲೆ ನಾಟಕ ಕಟ್ಟಲು ಹೊರಟೆವು. ಬರೆದವನು ಕ್ಯಾಶ್ ಕೌಂಟರಿನಲ್ಲಿ ಕೂರುತ್ತಿದ್ದ ಗೆಳೆಯ. ಬರೆದದ್ದು ಬಿಲ್ ಪುಸ್ತಕದ ಹಿಂಬದಿಯಲ್ಲಿ. ಎರಡು ಅಂಕ ತಾಲೀಮು ಆಯಿತು. ಸಂಘವೊಂದರ ಹಿರಿಯರು ಬಂದು ನೋಡಿದರು. "ಚೆನ್ನಾಗಿದೆ, ಆದರೆ ದುಡ್ಡು ಕೊಟ್ಟು ಬಂದವರಿಗೆ ನಮ್ಮ ಕಷ್ಟವನ್ನೇ ತೋರಿಸುವುದಾ? ಊರಿಂದ ಒಂದು ಒಳ್ಳೆ ನಾಟಕ ತರಿಸುವ" ಅಂದರು. ನಾವೂ ಹ್ಞೂಂ ಅಂದೆವು. ಗೆಳೆಯ ಮೂರನೇ ಅಂಕ ಬರೆಯಲಿಲ್ಲ. ಈಗ ಅವನೂ ಇಲ್ಲ, ಬಿಲ್ ಪುಸ್ತಕವೂ ಇಲ್ಲ. ಹಿರಿಯರನ್ನು ದೂರುವುದಿಲ್ಲ. ಹ್ಞೂಂ ಅಂದವರಲ್ಲಿ ನಾನೂ ಒಬ್ಬ.

ನಮ್ಮಲ್ಲಿ ಸಭಾಂಗಣಕ್ಕೆ ಕೊರತೆಯಿಲ್ಲ. ಮೈಸೂರು ಅಸೋಸಿಯೇಶನ್ 1926ರಿಂದ ಇದೆ. ಕರ್ನಾಟಕ ಸಂಘ ಇದೆ. ನಟರಿದ್ದಾರೆ, ನೋಡುವವರಿದ್ದಾರೆ. ಇಲ್ಲದ್ದು ಕೆನ್ ಗ್ಯಾಸರ ಹಾಗೆ ಹಟ ಹಿಡಿದು ಹಾಕಿದ ಒಂದು ನಿಯಮ. ವರ್ಷಕ್ಕೆ ಒಂದು ನಾಟಕವಾದರೂ ಇಲ್ಲಿ ಬರೆದದ್ದಾಗಿರಲಿ, ಹೊಸತಾಗಿರಲಿ, ಆಡಿದ ಮೇಲೆ ಅಚ್ಚಾಗಲಿ. ಮೊದಲ ನಾಲ್ಕು ಕೆಟ್ಟದಾಗಿಯೇ ಇರಬಹುದು. ಇರಲಿ, ಐದನೆಯದು ಬರಬೇಕಾದರೆ ಅವು ನಾಲ್ಕು ಬರಲೇಬೇಕು.

ಮೊನ್ನೆ ಭಾನುವಾರ ಮಗಳಿಗೆ ನಾನೇ ಫೋನು ಮಾಡಿದೆ. ಹೆಸರು ಹೇಳಲಿಲ್ಲ. ಗೆಳೆಯನ ಆ ಎರಡು ಅಂಕದ ಕಥೆ, ನೆನಪಿದ್ದಷ್ಟು, ಹೇಳಿದೆ. ಮುಕ್ಕಾಲು ಗಂಟೆ ಕೇಳಿದಳು. ಕಡೆಗೆ, "ಮೂರನೇ ಅಂಕದಲ್ಲಿ ಏನಾಗ್ತದೆ ಅಪ್ಪಾ?" ಅಂದಳು.

ಒಂದು ನೋಟ್‌ಬುಕ್ ತಂದಿಟ್ಟಿದ್ದೇನೆ.