ಉಂಡರೂ ಮುಗಿಯದ ಜಗಳ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತದೆ ನಮ್ಮ ಗಾದೆ. ಹಗಲೆಲ್ಲ ಎಷ್ಟೇ ಮಾತಿಗೆ ಮಾತು ಬೆಳೆದಿರಲಿ, ರಾತ್ರಿ ಒಂದೇ ಒಲೆಯ ಮೇಲೆ ಬೆಂದದ್ದನ್ನು ಇಬ್ಬರೂ ಉಂಡರೆ ಸಿಟ್ಟು ತಣ್ಣಗಾಗುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಆದರೆ ಊಟವೇ ಜಗಳಕ್ಕೆ ಕಾರಣವಾದರೆ ಏನು ಗತಿ? ಗಾದೆ ಕಟ್ಟಿದವರು ಇಂಥದೊಂದು ಕಾಲ ಬಂದೀತೆಂದು ಎಣಿಸಿರಲಿಲ್ಲವೆಂದು ಕಾಣುತ್ತದೆ.

ಇಂದು ನಗರದ ಅನೇಕ ಮನೆಗಳಲ್ಲಿ ಆ ಕಾಲ ಬಂದಿದೆ. ತೂಕ ಇಳಿಸಬೇಕೆಂದು ಗಂಡ ಅನ್ನ, ಮುದ್ದೆ, ಚಪಾತಿ ಮೂರನ್ನೂ ಬಿಟ್ಟು ಮೊಟ್ಟೆ, ಪನೀರು, ಸೊಪ್ಪಿನ ಪಲ್ಯಕ್ಕೆ ನಿಂತಿರುತ್ತಾನೆ. ಹೆಂಡತಿ ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರೊಳಗೆ ಮಾತ್ರ ತಿನ್ನುವ ನಿಯಮ ಹಿಡಿದಿರುತ್ತಾಳೆ. ಅವನು ಕೆಲಸದಿಂದ ಮನೆ ಮುಟ್ಟುವುದು ಒಂಬತ್ತಕ್ಕೆ. ಮಕ್ಕಳ ರುಚಿ ಬೇರೆ. ಅತ್ತೆ ಮಾವನಿಗೆ ಎಂದಿನ ಅನ್ನ ಸಾರೇ ಆಗಬೇಕು. ತಿಂಗಳ ಕೊನೆಯಲ್ಲಿ ತೂಕದ ಯಂತ್ರ ಹತ್ತಿದರೆ ಅವನದು ನಾಲ್ಕು ಕಿಲೋ ಇಳಿದಿದೆ, ಅವಳದು ಒಂದು ಕಿಲೋ. ‘ನೀನು ಸರಿಯಾಗಿ ಮಾಡುತ್ತಿಲ್ಲ’ ಎಂದು ಅವನು ಒಂದು ಮಾತು ಆಡುತ್ತಾನೆ. ಅಲ್ಲಿಂದ ಶುರು.

ಈ ಮುನಿಸು ಹೊಸದೆಂದು ನಾವು ತಿಳಿಯುತ್ತೇವೆ. ಆದರೆ ಒಂದು ಮನೆಯಲ್ಲಿ ಎರಡು ಪಥ್ಯಗಳಿಂದ ಹುಟ್ಟುವ ಕಹಿಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಅದನ್ನು ನೋಡಿದರೆ ಜಗಳದ ಬೇರು ತಟ್ಟೆಯಲ್ಲಿಲ್ಲ, ಬೇರೆಲ್ಲೋ ಇದೆ ಎಂಬುದು ತಿಳಿಯುತ್ತದೆ.

ಒಬ್ಬನ ತಟ್ಟೆಯ ಪಥ್ಯ

ತೂಕ ಇಳಿಸುವ ಪಥ್ಯಗಳು ಜನಪ್ರಿಯವಾದದ್ದು ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತನಿಂದ. ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವುದು ಆತನ ಮನೆತನದ ಕಸುಬು. 1862ರ ಆಗಸ್ಟ್‌ನಲ್ಲಿ ಆತನ ತೂಕ 202 ಪೌಂಡ್, ಅಂದರೆ ಸುಮಾರು 92 ಕಿಲೋ. ಎತ್ತರ ಐದೂವರೆ ಅಡಿಗೂ ಕಡಿಮೆ. ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳಲಾಗದೆ, ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯಬೇಕಾಗಿದ್ದ ಮನುಷ್ಯ. ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯರ ಬಳಿಗೆ ಹೋದರೆ, ಅವರು ಬ್ರೆಡ್, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗೆಡ್ಡೆ ಬಿಡುವಂತೆ ಹೇಳಿದರು. ಸುಮಾರು ಒಂದು ವರ್ಷದಲ್ಲಿ 46 ಪೌಂಡ್, ಅಂದರೆ 21 ಕಿಲೋದಷ್ಟು ಇಳಿಯಿತು. 1863ರಲ್ಲಿ ಬ್ಯಾಂಟಿಂಗ್ ತನ್ನ ಅನುಭವವನ್ನು ಪುಸ್ತಿಕೆಯಾಗಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ. ಅದು ಎಷ್ಟು ಹೆಸರಾಯಿತೆಂದರೆ ಆತನ ಹೆಸರೇ ‘ತೂಕ ಇಳಿಸು’ ಎಂಬ ಕ್ರಿಯಾಪದವಾಯಿತು. ಸ್ವೀಡನ್ನಿನ ಭಾಷೆಯಲ್ಲಿ ಇಂದಿಗೂ ಪಥ್ಯ ಮಾಡುವುದಕ್ಕೆ ‘ಬಾಂಟಾ’ ಎಂಬ ಶಬ್ದವಿದೆ. ಅಮೆರಿಕದ ವೈದ್ಯ ರಾಬರ್ಟ್ ಆಟ್ಕಿನ್ಸ್ 1972ರಲ್ಲಿ ಹೆಸರುವಾಸಿ ಮಾಡಿದ ಪಥ್ಯವೂ ಇಂದಿನ ‘ಕೀಟೋ’ ಕೂಡ ಹೆಚ್ಚುಕಡಿಮೆ ಇದೇ ಜಾಡಿನವು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬ್ಯಾಂಟಿಂಗ್ ಬರೆದದ್ದು ಒಬ್ಬ ಮನುಷ್ಯನ ದೇಹದ ಕಥೆ. ಕೊಟ್ಟದ್ದು ಒಬ್ಬನ ತಟ್ಟೆಗೆ ಬೀಳಬೇಕಾದುದರ ಪಟ್ಟಿ. ಅದುವರೆಗೆ ಊಟವೆಂದರೆ ಮನೆಯ ಊಟ. ಅಲ್ಲಿಂದ ಮುಂದೆ ಊಟ ಒಬ್ಬೊಬ್ಬರ ಸ್ವಂತ ವಿಷಯವಾಗತೊಡಗಿತು. 1918ರಲ್ಲಿ ಅಮೆರಿಕದ ವೈದ್ಯೆ ಲುಲು ಹಂಟ್ ಪೀಟರ್ಸ್ ತಮ್ಮ ಪುಸ್ತಕದ ಮೂಲಕ ಸಾಮಾನ್ಯ ಗೃಹಿಣಿಯರಿಗೆ ಕ್ಯಾಲೊರಿ ಎಣಿಸುವುದನ್ನು ಕಲಿಸಿದ ಮೇಲಂತೂ ತುತ್ತು ತುತ್ತಿಗೂ ಬೇರೆ ಬೇರೆ ಲೆಕ್ಕ ಬಂತು.

ಟಾಲ್‌ಸ್ಟಾಯ್ ಮನೆಯ ಎರಡು ಅಡುಗೆ

ಒಬ್ಬರ ಪಥ್ಯ ಇನ್ನೊಬ್ಬರಿಗೆ ಹೇಗೆ ಹೊರೆಯಾಗುತ್ತದೆಂಬುದನ್ನು ಬರೆದಿಟ್ಟವರಲ್ಲಿ ರಷ್ಯದ ಸೋಫಿಯಾ ಟಾಲ್‌ಸ್ಟಾಯ್ ಮುಖ್ಯರು. 1862ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ತಮಗಿಂತ ಹದಿನಾರು ವರ್ಷ ದೊಡ್ಡವರಾದ ಲೇಖಕ ಲಿಯೋ ಟಾಲ್‌ಸ್ಟಾಯ್ ಅವರನ್ನು ಮದುವೆಯಾದ ಸೋಫಿಯಾ ಹದಿಮೂರು ಮಕ್ಕಳನ್ನು ಹೆತ್ತರು. ಗಂಡನ ಬೃಹತ್ ಕಾದಂಬರಿಗಳ ಕರಡನ್ನು ಮತ್ತೆ ಮತ್ತೆ ಕೈಯಾರೆ ಪ್ರತಿ ಮಾಡಿಕೊಟ್ಟರು. 1880ರ ದಶಕದ ನಡುವೆ ಟಾಲ್‌ಸ್ಟಾಯ್ ಮಾಂಸ ಬಿಟ್ಟರು. ಇದು ತೂಕ ಇಳಿಸುವ ಪಥ್ಯವಲ್ಲ, ಆತ್ಮಶುದ್ಧಿಯ ಪಥ್ಯ. ಹೆಣ್ಣುಮಕ್ಕಳಾದ ತಾತ್ಯಾನಾ ಮತ್ತು ಮರಿಯಾ ತಂದೆಯ ದಾರಿ ಹಿಡಿದರು. ಉಳಿದವರು ಮಾಂಸ ತಿನ್ನುತ್ತಿದ್ದರು.

ಅಲ್ಲಿಗೆ ಯಾಸ್ನಯಾ ಪೊಲ್ಯಾನಾದ ಆ ದೊಡ್ಡ ಮನೆಯಲ್ಲಿ ದಿನವೂ ಎರಡು ಬಗೆಯ ಅಡುಗೆಯಾಗಬೇಕಾಯಿತು. ಸೋಫಿಯಾ ತಮ್ಮ ದಿನಚರಿಯಲ್ಲಿ ಇದನ್ನು ನೊಂದು ಬರೆದಿದ್ದಾರೆ. ಎರಡು ಅಡುಗೆಯೆಂದರೆ ಎರಡು ಪಟ್ಟು ಕೆಲಸ, ಹೆಚ್ಚಿನ ಖರ್ಚು ಎಂಬುದು ಅವರ ದೂರಿನ ತಿರುಳು. ಹೊಟ್ಟೆನೋವಿನಿಂದ ಆಗಾಗ ನರಳುತ್ತಿದ್ದ ಗಂಡನಿಗೆ ಈ ಆಹಾರ ಒಗ್ಗುತ್ತಿಲ್ಲವೆಂಬ ಆತಂಕವೂ ಅವರಿಗಿತ್ತು. ಮನೆಯಲ್ಲಿ ಅಡುಗೆಯವರಿದ್ದರು ನಿಜ. ಆದರೆ ನಾಳೆ ಯಾರಿಗೆ ಏನು ಎಂದು ಯೋಚಿಸಿ, ಸಾಮಾನು ತರಿಸಿ, ಲೆಕ್ಕ ಬರೆಯುವವರು ಸೋಫಿಯಾ ಅವರೇ. ಸರಳ ಬದುಕಿನ ಹಿರಿಮೆಯನ್ನು ಗಂಡ ಲೋಕಕ್ಕೆ ಸಾರುತ್ತಿದ್ದಾಗ, ಆ ಸರಳತೆಯನ್ನು ನಡೆಸುವ ಗೋಜಲು ಹೆಂಡತಿಯ ಪಾಲಿಗಿತ್ತು.

ಇವರ ದಾಂಪತ್ಯ ಕೊನೆಗೆ ಹದಗೆಟ್ಟಿತು. 1910ರಲ್ಲಿ 82 ವರ್ಷದ ಟಾಲ್‌ಸ್ಟಾಯ್ ರಾತ್ರೋರಾತ್ರಿ ಮನೆ ಬಿಟ್ಟು ಹೊರಟು, ದಾರಿಯಲ್ಲಿ ಅಸ್ತಪೊವೊ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಆಸ್ತಿ, ಪುಸ್ತಕಗಳ ಹಕ್ಕು, ಶಿಷ್ಯರ ಹಸ್ತಕ್ಷೇಪ ಹೀಗೆ ಕಾರಣಗಳು ಹಲವು. ಊಟ ಅವುಗಳಲ್ಲಿ ದೊಡ್ಡದಲ್ಲ. ಆದರೆ ದೊಡ್ಡ ಬಿರುಕುಗಳೆಲ್ಲ ದಿನದಿನವೂ ಕಣ್ಣಿಗೆ ಬೀಳುವ ಜಾಗ ಊಟದ ಮೇಜೇ ಆಗಿತ್ತು.

ಉಪ್ಪು ಬೇಳೆಯ ಸತ್ಯಾಗ್ರಹ

ಟಾಲ್‌ಸ್ಟಾಯ್ ಅವರನ್ನು ಗುರುವಿನಂತೆ ಕಂಡ ಗಾಂಧೀಜಿಯವರ ಮನೆಯಲ್ಲೂ ಇಂಥದೇ ಪ್ರಸಂಗ ನಡೆಯಿತು. ಅದನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ.

1908-09ರ ಸುಮಾರು. ದಕ್ಷಿಣ ಆಫ್ರಿಕದಲ್ಲಿದ್ದ ಕಸ್ತೂರಬಾ ರಕ್ತಸ್ರಾವದಿಂದ ಬಳಲಿ ಡರ್ಬನ್ನಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಶಕ್ತಿ ಬರಲು ಮಾಂಸದ ಸಾರು ಬೇಕೆಂದರು ವೈದ್ಯರು. ಸಾಯುವುದಾದರೂ ಸರಿ, ಮಾಂಸ ಮುಟ್ಟುವುದಿಲ್ಲವೆಂದು ಕಸ್ತೂರಬಾ ಹೇಳಿದರು. ಅದು ಗಂಡನ ಮಾತಲ್ಲ, ಅವರದೇ ನಿರ್ಧಾರ. ಮುಂದೆ ಕಾಯಿಲೆ ಮರುಕಳಿಸಿದಾಗ ಗಾಂಧೀಜಿ, ತಾವು ಓದಿದ ಆಹಾರಶಾಸ್ತ್ರದ ಪುಸ್ತಕಗಳನ್ನು ನಂಬಿ, ಉಪ್ಪು ಮತ್ತು ಬೇಳೆಕಾಳು ಬಿಡುವಂತೆ ಒತ್ತಾಯಿಸಿದರು. ಎಷ್ಟು ಹೇಳಿದರೂ ಕಸ್ತೂರಬಾ ಒಪ್ಪಲಿಲ್ಲ. ಕೊನೆಗೆ, ಬಿಡು ಎಂದು ಯಾರಾದರೂ ಹೇಳಿದರೆ ನಿಮ್ಮಿಂದಲೂ ಅದು ಆಗುವುದಿಲ್ಲವೆಂದು ಗಂಡನಿಗೇ ತಿರುಗಿಸಿ ಹೇಳಿದರು.

ಗಾಂಧೀಜಿ ಇದಕ್ಕೇ ಕಾದಿದ್ದವರಂತೆ, ಹೆಂಡತಿ ಬಿಡಲಿ ಬಿಡದಿರಲಿ, ಆ ಗಳಿಗೆಯಿಂದ ಒಂದು ವರ್ಷ ಎರಡನ್ನೂ ಬಿಟ್ಟೆನೆಂದು ಘೋಷಿಸಿಬಿಟ್ಟರು. ಕಸ್ತೂರಬಾ ಬೆಚ್ಚಿದರು. ತಾವೂ ಬಿಡುತ್ತೇವೆ, ನೀವು ಮಾತ್ರ ಈ ವ್ರತ ಹಿಂದೆಗೆದುಕೊಳ್ಳಿ ಎಂದು ಬೇಡಿಕೊಂಡರು. ಅವರು ಕೇಳಲಿಲ್ಲ. ಕಸ್ತೂರಬಾ ಅತ್ತರು.

ಗಾಂಧೀಜಿಗೆ ಇದು ಬಾಳಿನ ಸಿಹಿ ನೆನಪುಗಳಲ್ಲೊಂದು. ಕಸ್ತೂರಬಾ ಆತ್ಮಕಥೆ ಬರೆಯಲಿಲ್ಲ. ಕಾಯಿಲೆ ಬೇಗ ಗುಣವಾಯಿತೆನ್ನುವುದು ಬೇರೆ ಮಾತು. ಪಥ್ಯ ಹಿಡಿದವರು ಗಂಡಸಾಗಲಿ ಹೆಂಗಸಾಗಲಿ, ಅವರ ನಿಷ್ಠೆಯೇ ಜೊತೆಗಿರುವವರ ಮೇಲೆ ಎಂಥ ಒತ್ತಡ ತರಬಲ್ಲದು ಎಂಬುದನ್ನು ಆ ಕಣ್ಣೀರು ಹೇಳುತ್ತದೆ. ನೀನು ತಿನ್ನು, ನಾನು ಮಾತ್ರ ತಿನ್ನುವುದಿಲ್ಲ ಎಂಬ ಮಾತು ತಿನ್ನುವವರ ಗಂಟಲಲ್ಲಿ ತುತ್ತು ಇಳಿಯದಂತೆ ಮಾಡುತ್ತದೆ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. 1912ರಲ್ಲಿ ಗಾಂಧೀಜಿ ಹಾಲನ್ನೂ ಬಿಟ್ಟರು. 1918ರಲ್ಲಿ ಭೇದಿಯಿಂದ ಹಾಸಿಗೆ ಹಿಡಿದು, 1919ರ ಆರಂಭದಲ್ಲಿ ಮುಂಬೈಯಲ್ಲಿ ಶಸ್ತ್ರಚಿಕಿತ್ಸೆಯೂ ಆಯಿತು. ಹಾಲು ಕುಡಿಯದೆ ದೇಹ ಸುಧಾರಿಸದೆಂದರು ಡಾಕ್ಟರ್ ದಲಾಲ್. ವ್ರತ ಅಡ್ಡ ಬಂತು. ಹಾಸಿಗೆಯ ಪಕ್ಕದಲ್ಲಿದ್ದ ಕಸ್ತೂರಬಾ ಆಗ ಒಂದು ದಾರಿ ತೋರಿಸಿದರು. ವ್ರತ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು ಎಮ್ಮೆಗಳ ಹಾಲು ತಾನೆ, ಆಡಿನ ಹಾಲಿಗೇನು ಅಡ್ಡಿ? ಗಾಂಧೀಜಿ ಒಪ್ಪಿದರು. ವ್ರತದ ಅಕ್ಷರವನ್ನು ಉಳಿಸಿಕೊಂಡು ಆಶಯವನ್ನು ಬಿಟ್ಟೆನಲ್ಲ ಎಂಬ ಕೊರಗು ಅವರಿಗೆ ಉಳಿಯಿತಾದರೂ ಜೀವ ಉಳಿಯಿತು. ಉಪ್ಪಿನ ವಿಷಯದಲ್ಲಿ ನಡೆಯದ ಹೆಂಡತಿಯ ಮಾತು ಹತ್ತು ವರ್ಷಗಳ ಬಳಿಕ ಹಾಲಿನ ವಿಷಯದಲ್ಲಿ ನಡೆಯಿತು. ಗಾಂಧೀಜಿಯ ಆಡು ಮುಂದೆ ಲೋಕಪ್ರಸಿದ್ಧವಾಯಿತು. ಅದರ ಹಿಂದೆ ಇದ್ದದ್ದು ಕಸ್ತೂರಬಾ ಅವರ ಜಾಣತನ.

ನಮ್ಮ ಒಪ್ಪೊತ್ತು, ಅವರ ಡಯಟ್

ಹಾಗೆ ನೋಡಿದರೆ ಒಂದೇ ಮನೆಯಲ್ಲಿ ಬೇರೆ ಬೇರೆ ಊಟ ನಮಗೆ ಅಪರಿಚಿತವಲ್ಲ. ಗಂಡ ಶನಿವಾರ ಒಪ್ಪೊತ್ತು, ಹೆಂಡತಿ ಸೋಮವಾರ ಒಪ್ಪೊತ್ತು ಇರುವ ಮನೆಗಳು ಎಷ್ಟೋ ಇವೆ. ರಾತ್ರಿಗೆ ಅವಲಕ್ಕಿಯೋ ಉಪ್ಪಿಟ್ಟೋ ಆದರೆ ಮುಗಿಯಿತು. ಏಕಾದಶಿಯಂದು ಮಾಧ್ವರ ಮನೆಗಳಲ್ಲಿ ಹಿರಿಯರೆಲ್ಲರಿಗೂ ಉಪವಾಸ. ಮಾಂಸ ತಿನ್ನುವ ಅನೇಕ ಕುಟುಂಬಗಳಲ್ಲಿ ಶ್ರಾವಣ ಬಂತೆಂದರೆ ಇಡೀ ಮನೆಗೆ ಮಾಂಸ ನಿಲ್ಲುತ್ತದೆ.

ಆದರೆ ಈ ನಿಯಮಗಳನ್ನು ಪಂಚಾಂಗ ಗೊತ್ತುಮಾಡುತ್ತದೆ. ಇಂದು ಶುರುವಾದದ್ದು ನಾಳೆಯೋ ತಿಂಗಳಿಗೋ ಮುಗಿಯುತ್ತದೆ. ಗಂಡ ಹೆಂಡತಿಯ ಮೇಲೆ ಹೇರಿದ್ದೆಂದು ಅನಿಸುವುದು ಕಡಿಮೆ. ಇಲ್ಲೂ ಉಪವಾಸವಿದ್ದುಕೊಂಡೇ ಬೇರೆಯವರಿಗೆ ಬೇಯಿಸಿ ಹಾಕುವವಳು ಹೆಂಗಸೇ ಎಂಬುದನ್ನು ಮರೆಯುವಂತಿಲ್ಲ. ಆದರೂ ತೂಕ ಇಳಿಸುವ ಪಥ್ಯಕ್ಕೆ ಪಾರಣೆಯ ದಿನವೆಂಬುದಿಲ್ಲ. ಅದರ ಫಲ ಪ್ರತಿದಿನ ಕಿಲೋಗಳಲ್ಲಿ ಅಳೆಯಲ್ಪಡುತ್ತದೆ. ವ್ರತದಲ್ಲಿ ಯಾರಿಗೆ ಹೆಚ್ಚು ಪುಣ್ಯ ಬಂತೆಂದು ತೂಗಿ ನೋಡುವ ಯಂತ್ರವಿರಲಿಲ್ಲ.

ಸ್ನಾನದ ಮನೆಯ ಬಿಸ್ಕತ್ತು

ತೂಕದ ಗುಟ್ಟನ್ನು ಮನೆಯವರಲ್ಲಿ ಹೇಳಿಕೊಳ್ಳುವುದಕ್ಕಿಂತ ಹೊರಗಿನವರಲ್ಲಿ ಹೇಳಿಕೊಳ್ಳುವುದೇ ಸುಲಭವೆಂದು ಕಂಡುಕೊಂಡಾಕೆ ನ್ಯೂಯಾರ್ಕ್‌ನ ಗೃಹಿಣಿ ಜೀನ್ ನೈಡೆಚ್. ಗಂಡ ಮಾರ್ಟಿ ಬಸ್ ಚಾಲಕ. 1961ರಲ್ಲಿ 214 ಪೌಂಡ್ (97 ಕಿಲೋ) ತೂಗುತ್ತಿದ್ದ ಈಕೆ ನಗರದ ಸರ್ಕಾರಿ ಚಿಕಿತ್ಸಾಲಯದ ಪಥ್ಯ ಹಿಡಿದರೂ, ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ ಬಿಸ್ಕತ್ತು ಬಚ್ಚಿಟ್ಟು ಸ್ನಾನದ ಮನೆಯಲ್ಲಿ ಕದ್ದು ತಿನ್ನುತ್ತಿದ್ದರು. ಆರು ಮಂದಿ ಗೆಳತಿಯರನ್ನು ಮನೆಗೆ ಕರೆದು ಇದನ್ನು ಒಪ್ಪಿಕೊಂಡರು. ಅವರೂ ತಂತಮ್ಮ ಗುಟ್ಟು ಬಿಚ್ಚಿದರು. ಆ ಕೂಟವೇ 1963ರಲ್ಲಿ ‘ವೇಟ್ ವಾಚರ್ಸ್’ ಸಂಸ್ಥೆಯಾಗಿ ಲೋಕವ್ಯಾಪಿಯಾಯಿತು. ಆಲ್ಬರ್ಟ್ ಮತ್ತು ಫೆಲಿಸ್ ಲಿಪ್ಪರ್ಟ್ ಎಂಬ ದಂಪತಿ ಆಕೆಯ ಸಲಹೆಯಂತೆ ಒಟ್ಟಿಗೇ ತೂಕ ಇಳಿಸಿಕೊಂಡು, ಸಂಸ್ಥೆಯ ಪಾಲುದಾರರೂ ಆದರು. 1947ರಲ್ಲಿ ಮದುವೆಯಾಗಿದ್ದ ಜೀನ್ ಮತ್ತು ಮಾರ್ಟಿ ಮಾತ್ರ 1970ರ ದಶಕದ ಆರಂಭದಲ್ಲಿ ಬೇರೆಯಾದರು. ಇದಕ್ಕೆ ತೂಕವೇ ಕಾರಣವೆಂದು ಹೇಳಲಾಗದು. ಆದರೆ ದೇಹ ಬದಲಾದಾಗ ಬಾಳೂ ಬದಲಾಗುತ್ತದೆ.

ಇತ್ತೀಚಿನ ಸಂಶೋಧನೆಗಳು ಇದನ್ನೇ ಬೇರೆ ರೀತಿಯಲ್ಲಿ ಹೇಳಿವೆ. ಒಬ್ಬರು ಗಣನೀಯವಾಗಿ ತೂಕ ಇಳಿಸಿಕೊಂಡ 21 ದಂಪತಿಗಳನ್ನು ಕುರಿತ ಅಮೆರಿಕದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಹೆಚ್ಚಿನವರಿಗೆ ಅದರಿಂದ ಒಳಿತಾಗಿತ್ತು. ಆದರೆ ಕೆಲವರಲ್ಲಿ ಇಳಿಯದ ಸಂಗಾತಿ ಅಭದ್ರತೆಯಿಂದ ಕುಹಕವಾಡಿದ್ದೂ, ಬೇಡದ ತಿಂಡಿಯ ಆಸೆ ತೋರಿಸಿದ್ದೂ ಕಂಡುಬಂತು. 2018ರಲ್ಲಿ ಪ್ರಕಟವಾದ 130 ದಂಪತಿಗಳ ಅಧ್ಯಯನದಲ್ಲಿ, ಒಬ್ಬರು ಮಾತ್ರ ಪಥ್ಯ ಹಿಡಿದರೂ ಆರು ತಿಂಗಳಲ್ಲಿ ಸಂಗಾತಿಗಳ ಪೈಕಿ ಸುಮಾರು ಮೂರನೇ ಒಂದರಷ್ಟು ಜನ ಶೇಕಡಾ 3 ಅಥವಾ ಅದಕ್ಕಿಂತ ಹೆಚ್ಚು ತೂಕ ಕಳೆದುಕೊಂಡಿದ್ದರು. ಒಂದೇ ಅಡುಗೆಮನೆಯ ಗಾಳಿ ಇಬ್ಬರಿಗೂ ತಾಗುತ್ತದೆ.

ಇನ್ನು ‘ನೀನು ಸರಿಯಾಗಿ ಮಾಡುತ್ತಿಲ್ಲ’ ಎಂಬ ಆರೋಪ. 2018ರಲ್ಲೇ ಪ್ರಕಟವಾದ, ಸುಮಾರು 2,200 ಜನರಿದ್ದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಗಂಡಸರಿಗೂ ಹೆಂಗಸರಿಗೂ ಎಂಟು ವಾರ ಒಂದೇ ಪಥ್ಯ ಕೊಡಲಾಗಿತ್ತು. ಗಂಡಸರ ತೂಕ ಹೆಂಗಸರದಕ್ಕಿಂತ ಶೇಕಡಾ 16ರಷ್ಟು ಹೆಚ್ಚು ಇಳಿಯಿತು. ಸಾಮಾನ್ಯವಾಗಿ ಗಂಡಸರ ಮೈಯಲ್ಲಿ ಸ್ನಾಯುವಿನ ಪ್ರಮಾಣ ಹೆಚ್ಚು, ಸುಮ್ಮನೆ ಕುಳಿತಾಗಲೂ ಖರ್ಚಾಗುವ ಶಕ್ತಿ ಹೆಚ್ಚು. ಹೆಂಡತಿ ನಿಧಾನವಾಗಿ ಇಳಿಯುತ್ತಿದ್ದರೆ ಅದು ಆಕೆಯ ಸೋಮಾರಿತನವಲ್ಲ.

ಅಡುಗೆ ಯಾರದು?

ಭಾರತದ ಅಂಕಿಸಂಖ್ಯೆ ಇಲಾಖೆ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು. ಗಂಡಸರು 97 ನಿಮಿಷ. ಅದೂ ಗಂಡಸರಲ್ಲಿ ಮನೆಗೆಲಸಕ್ಕೆ ಕೈ ಹಾಕುವವರೇ ನಾಲ್ಕರಲ್ಲೊಬ್ಬರು. ಈ ಲೆಕ್ಕವನ್ನು ಪಕ್ಕದಲ್ಲಿಟ್ಟುಕೊಂಡರೆ ಯಾಸ್ನಯಾ ಪೊಲ್ಯಾನಾದ ಸೋಫಿಯಾ ಅವರ ಅಳಲು ನಮ್ಮ ಬಸವನಗುಡಿಗೂ ಹುಬ್ಬಳ್ಳಿಗೂ ದೂರವಲ್ಲವೆಂದು ಅರ್ಥವಾಗುತ್ತದೆ. ಗಂಡ ಅನ್ನ ಬಿಟ್ಟದ್ದಕ್ಕೆ ಹೆಂಡತಿಗೆ ಸಿಟ್ಟಿಲ್ಲ. ಅವನು ತನ್ನನ್ನು ಒಂದು ಮಾತೂ ಕೇಳದೆ ಬಿಟ್ಟದ್ದಕ್ಕೆ, ಬಿಟ್ಟ ಅನ್ನದ ಬದಲು ಇನ್ನೊಂದನ್ನು ಬೇಯಿಸುವ ಕೆಲಸ ಸದ್ದಿಲ್ಲದೆ ತನ್ನ ಮೇಲೆ ಬಿದ್ದದ್ದಕ್ಕೆ ಸಿಟ್ಟಿದೆ. ಅವಳು ಎಂಟಕ್ಕೇ ಊಟ ಮುಗಿಸಿದರೆ ಅವನಿಗೂ ಬೇಸರವೇ. ಅವನು ಕಳೆದುಕೊಂಡದ್ದು ಜೊತೆಯನ್ನು.

ಪಥ್ಯ ಬೇಕೋ ಬೇಡವೋ ಎಂಬುದು ವೈದ್ಯರು ಹೇಳಬೇಕಾದ ಮಾತು. ಅದನ್ನು ಮನೆಯೊಳಗೆ ತರುವ ಬಗೆ ಮಾತ್ರ ಗಂಡ ಹೆಂಡಿರಿಗೆ ಬಿಟ್ಟದ್ದು. ಕ್ಯಾಲೊರಿ ಎಣಿಸುವ ಮೊದಲು ತರಕಾರಿ ಹೆಚ್ಚುವ ಕೈಗಳನ್ನು ಎಣಿಸಿದರೆ, ನಾಳೆಯಿಂದ ನನ್ನ ಮೊಟ್ಟೆಯನ್ನು ನಾನೇ ಬೇಯಿಸಿಕೊಳ್ಳುತ್ತೇನೆ ಎಂದು ಗಂಡ ಹೇಳಿದರೆ, ಜಗಳ ಬಹುಶಃ ಉಂಡು ಮಲಗುವ ತನಕವೂ ಉಳಿಯಲಾರದು.