ಬಾತು ಹಾರದಷ್ಟು ದೂರ

ಚಾಮರಾಜನಗರ ಸೀಮೆಯ ಖೆಡ್ಡಾ ಕತೆ ಕೇಳಿದವರಿಗೆ ಜಿ.ಪಿ. ಸ್ಯಾಂಡರ್ಸನ್ ಹೆಸರು ಹೊಸದಲ್ಲ. 1874ರಲ್ಲಿ ಇಲ್ಲಿನ ಕಾಡಿನಲ್ಲಿ ಆನೆಹಿಂಡನ್ನು ಖೆಡ್ಡಾಕ್ಕೆ ಕೆಡವಿದ ಈ ಬ್ರಿಟಿಷ್ ಅಧಿಕಾರಿ ಮೊದಲು ನೋಡಿಕೊಳ್ಳುತ್ತಿದ್ದದ್ದು ನೀರಾವರಿ ಕಾಲುವೆಗಳನ್ನು. ಆನೆಗಳಿಂದ ಅವನಿಗೆ ಹೆಸರು ಬಂತು, ಕಾಲುವೆ ಕೆಲಸವನ್ನು ಜನ ಮರೆತರು. ಬಾತುಗಳ ಚರಿತ್ರೆ ಹುಡುಕುವವರು ಮಾತ್ರ ಆ ಕಾಲುವೆ, ಕೆರೆಗಳ ಏರಿಯ ಮೇಲೇ ನಡೆಯಬೇಕು.

ಆ ಕಾಲದಲ್ಲಿ ಬಾತನ್ನು ಹತ್ತಿರದಿಂದ ನೋಡುವುದೆಂದರೆ ಹೊಡೆದು ಕೈಯಲ್ಲಿ ಹಿಡಿದು ನೋಡುವುದು. ವಿದ್ವಾಂಸರ ದಾರಿಯೂ ಅದೇ. ಸಲೀಂ ಅಲಿ 1939–40ರಲ್ಲಿ ಬಿಳಿಗಿರಿರಂಗನ ಬೆಟ್ಟವೂ ಸೇರಿದಂತೆ ಮೈಸೂರು ಸಂಸ್ಥಾನ ಸುತ್ತಿ ಹಕ್ಕಿಗಳ ಸಮೀಕ್ಷೆ ಮಾಡಿದಾಗ, ಚರ್ಮ ಸುಲಿದು ಹತ್ತಿ ತುಂಬಿದ ಮಾದರಿಯೇ ಪುರಾವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೂ ಪರವಾನಗಿ ಪಡೆದು ಸಣ್ಣ ಬೇಟೆಯಾಡಲು ಅವಕಾಶ ಉಳಿದಿತ್ತು. ಅದಕ್ಕೆ ತೆರೆ ಬಿದ್ದದ್ದು 1991ರ ತಿದ್ದುಪಡಿಯಿಂದ.

ಅಷ್ಟರಲ್ಲಿ ಕ್ಯಾಮೆರಾದವರು ಗುಂಡ್ಲುಪೇಟೆ ದಾಟಿ ಹೋಗುತ್ತಲೇ ಇದ್ದರು. ಅವರ ಕಣ್ಣಿದ್ದದ್ದು ಬಂಡೀಪುರದ ಮೇಲೆ. ದಾರಿ ಬದಿಯ ಕೆರೆಗೆ ಯಾರು ಗಾಡಿ ನಿಲ್ಲಿಸುತ್ತಾರೆ? ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಇ. ಹನುಮಂತರಾವ್, ಓ.ಸಿ. ಎಡ್ವರ್ಡ್ಸ್ ಗರಡಿಯಲ್ಲಿ ಪಳಗಿದ ಟಿ.ಎನ್.ಎ. ಪೆರುಮಾಳ್ ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಬುನಾದಿ ಹಾಕಿದ ತಲೆಮಾರಿನವರು. ಆಗಿನ ಹಕ್ಕಿಚಿತ್ರಗಳಲ್ಲಿ ಗೂಡಿನ ಚಿತ್ರಗಳೇ ಹೆಚ್ಚು. ಕಾರಣ ಸರಳ: ಮರಿಗೆ ಗುಟುಕು ಕೊಡಲು ಹಕ್ಕಿ ಗೂಡಿಗೆ ಬಂದೇ ಬರುತ್ತದೆ. ಸೊಪ್ಪುಸದೆಯ ಮರೆ ಕಟ್ಟಿಕೊಂಡು, 36 ಚಿತ್ರಗಳ ಒಂದು ರೋಲನ್ನು ಜಿಪುಣತನದಿಂದ ಖರ್ಚು ಮಾಡುತ್ತಾ ಕಾಯಬಹುದಿತ್ತು. ಚಳಿಗಾಲಕ್ಕೆ ವಲಸೆ ಬರುವ ಬಾತುಗಳು ಇಲ್ಲಿ ಗೂಡೇ ಕಟ್ಟುವುದಿಲ್ಲ. ನಡುನೀರಿನಲ್ಲಿ ಕೂತು, ಮನುಷ್ಯನ ತಲೆ ಏರಿಯ ಮೇಲೆ ಕಂಡರೆ ಸಾಕು, ಎದ್ದುಬಿಡುತ್ತವೆ. ಉದ್ದನೆಯ ಲೆನ್ಸು, ಡಿಜಿಟಲ್ ಕ್ಯಾಮೆರಾ ಜನರ ಕೈಗೆಟುಕುವವರೆಗೂ ಹುಲಿಗಿಂತ ಬಾತೇ ಕಷ್ಟ ಎಂದರೆ ತಪ್ಪಾಗದು.

ಈಗಲೂ ಲೆನ್ಸಿಗಿಂತ ಮೊಣಕೈ ಮುಖ್ಯ. ಬೆಳಗಿನ ಬಿಸಿಲು ಬೆನ್ನಿಗಿರುವಂತೆ ಕೆಸರಿನ ಅಂಚಿನಲ್ಲಿ ಬೋರಲು ಮಲಗಿ, ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಇಳಿಸಿ ಅಲುಗಾಡದಿದ್ದರೆ ಹಕ್ಕಿ ತಾನೇ ತೇಲಿ ಬರುವುದುಂಟು. ಆಗ ಚುಕ್ಕೆಬಾತಿನ ಕೊಕ್ಕಿನ ಹಳದಿ ತುದಿ, ಬುಡದ ಕೆಂಪು ಚುಕ್ಕೆ ಎರಡೂ ಎಣಿಸಿದಷ್ಟು ಸ್ಪಷ್ಟ. ಬಿಳಿಹುಬ್ಬಿನ ಬಾತಿಗಾಗಿ ನವೆಂಬರಿನಲ್ಲೇ ಓಡಿಬಂದವರಿಗೆ ನಿರಾಸೆ ಖಚಿತ: ಗಂಡಿನದು ಆಗಿನ್ನೂ ಹೆಣ್ಣಿನಂಥದೇ ಕಂದು ವೇಷ. ಆ ಬಿಳಿ ಹುಬ್ಬು ತಿದ್ದಿದಂತೆ ಮೂಡುವ ಹೊತ್ತಿಗೆ ಫೆಬ್ರುವರಿ ಬಂದಿರುತ್ತದೆ.

ಅಷ್ಟು ದಿನ ಕೆರೆಯಲ್ಲಿ ನೀರು ಇರಬೇಕಷ್ಟೇ. ಗುಂಡ್ಲುಪೇಟೆ ಮಳೆನೆರಳಿನ ತಾಲ್ಲೂಕು. ಗುಂಡ್ಲುಹೊಳೆ ಬತ್ತಿದರೆ ಕೆರೆಯಂಗಳದಲ್ಲಿ ಜಾಲಿ ಬೆಳೆಯುತ್ತದೆ, ದನ ಮೇಯುತ್ತವೆ. ಕಬಿನಿಯಿಂದ ನೀರೆತ್ತಿ ಕೆರೆ ತುಂಬಿಸುವ ಯೋಜನೆ ರೈತರ ಕೊಳವೆಬಾವಿಗಳಿಗಾಗಿ ಬಂದದ್ದು. ನೀರು ನಿಂತಲ್ಲಿ ರೆಕ್ಕೆಯವೂ ಪಾಲು ಪಡೆದವು.

ನೆರೆಯ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಿಂದೆ ವಲಸೆ ಹಕ್ಕಿಗಳ ಕಾಲಿಗೆ ತೊಡಿಸುತ್ತಿದ್ದ ಉಂಗುರದಲ್ಲಿ ‘ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ’ ಎಂದು ಕೆತ್ತಿರುತ್ತಿತ್ತು. ಅದರ ಸಂಖ್ಯೆ ಓದಲು ಹಕ್ಕಿ ಬಲೆಗೋ ಗುಂಡಿಗೋ ಸಿಕ್ಕಬೇಕಿತ್ತು. ಮಂಗೋಲಿಯಾದ ಸಂಶೋಧಕರು ಹೆಬ್ಬಾತುಗಳ ಕತ್ತಿಗೆ ಹಾಕಿದ ಪಟ್ಟಿಯ ಅಕ್ಷರಗಳು ದೊಡ್ಡವು. ದಡದಲ್ಲಿ ಮಲಗಿದವನ ಫೋಟೊದಲ್ಲಿ ಅವು ಮೂಡಿದರೆ ಸಾಕು, ಆ ಹಕ್ಕಿಗೆ ಯಾವ ಸರೋವರದ ದಂಡೆಯಲ್ಲಿ, ಯಾವ ವರ್ಷ ಪಟ್ಟಿ ಕಟ್ಟಿದರೆಂಬುದು ಗೊತ್ತಾಗುತ್ತದೆ.